ನಲವತ್ತೇಳು ಸೆಕೆಂಡಿನ ಮೌನಕ್ಕೊಂದು ಹಿತ್ತಾಳೆಯ ಕಿವಿ

ಮೂರನೆಯ ಏಟಿಗೆ ಟೀ ಲೋಟ ಹಾರಿತು. ನಾಲ್ಕನೆಯದಕ್ಕೆ ಸಭೆಯ ನಡಾವಳಿ ಪುಸ್ತಕ ಹಾರಿತು. ಐದನೆಯದಕ್ಕೆ ಮೇಜಿನ ಒಂದು ಕಾಲು, ಇಷ್ಟು ವರ್ಷ ಈ ಮೇಜಿಗೆ ಅಂಟಿಕೊಂಡಿದ್ದೇ ತಪ್ಪಾಯಿತೆಂಬಂತೆ ಕಿರುಗುಟ್ಟಿತು. ಆದರೂ ದಸ್ತಗೀರನ ಅಂಗೈಗಳು ನಿಲ್ಲಲಿಲ್ಲ. ಪ್ರಳಯಕಾಲದ ಮೇಘಗಳು ಒಂದನ್ನೊಂದು ಹಾಯುವಂತೆ, ಮದವೇರಿದ ಅಷ್ಟದಿಗ್ಗಜಗಳೂ ಒಂದೇ ಓಣಿಯಲ್ಲಿ ಎದುರುಬದುರಾದಂತೆ, ಆ ಬ್ಯಾಂಡ್‌ಸೆಟ್ ಮಾಸ್ಟರನ ಕೈಯಿಂದ ‘ಭೈರವಕೋಟೆಯ ಬಿಲ್ಲ’ ಚಿತ್ರದ ನಾಯಕ ಪ್ರವೇಶದ ಸಂಗೀತ ಮೇಜಿನ ಮೇಲೆ ಸುರಿಯಿತು. ಕೈಗೆ ಸಾಲದ್ದನ್ನು ಬಾಯಿ ತುಂಬಿತು. ಢಂಢಣಕ ಢಂ, ಢಂಢಣಕ ಢಂ, ಪೇಂ!

ಕೇಳಿ, ಕಿವಿಯುಳ್ಳವರೇ! ಯಾವ ಯುಗದಲ್ಲಿ ಪ್ರಶಸ್ತಿಗಳೆಲ್ಲವೂ ಹಾಡುಗಳ ಪಾಲಾದವೋ, ಯಾವ ಯುಗದಲ್ಲಿ ನಾಯಕನು ಲುಂಗಿ ಎತ್ತಿ ಕಟ್ಟುವುದಕ್ಕೂ ಇಪ್ಪತ್ತು ತಮಟೆಗಳು ಬೇಕಾದವೋ, ಯಾವ ಯುಗದಲ್ಲಿ ತಾಯಿ ಕಣ್ಣು ಒರೆಸುವ ಮೊದಲೇ ವಯಲಿನ್ ಅಳತೊಡಗಿತೋ, ಆ ಘೋರ ಯುಗದಲ್ಲಿ, ಎರಡು ರೈಲುಮಾರ್ಗಗಳು ಕೂಡುವ ಅರಸೀಕೆರೆಯೆಂಬ ಪುಣ್ಯಸ್ಥಳದಲ್ಲಿ, ಹಿನ್ನೆಲೆ ಸಂಗೀತಾಭಿಮಾನಿಗಳ ಸಂಘವೆಂಬ ಏಳು ಜನರ ಅಕ್ಷೋಹಿಣಿಯೊಂದಿತ್ತು. ಲೋಕದ ಪ್ರಶಸ್ತಿಗಳ ಮೇಲೆ ಅದಕ್ಕೆ ನಂಬಿಕೆಯಿರಲಿಲ್ಲ. ಆದ್ದರಿಂದ ವರ್ಷಕ್ಕೊಮ್ಮೆ ತಾನೇ ಒಂದು ಪ್ರಶಸ್ತಿ ಕೊಡುತ್ತಿತ್ತು: ಪಾತ್ರೆ ಅಂಗಡಿಯ ಕಸುಬುದಾರ ಬಡಿದು ಮಾಡಿದ, ಕಿವಿಯ ಆಕಾರದ್ದೆಂದು ಹೇಳಲಾದ, ನೋಡಿದವರು ಗೋಡಂಬಿಯೆಂದು ತಿಳಿಯುತ್ತಿದ್ದ, ಒಂದು ಹಿತ್ತಾಳೆಯ ವಸ್ತು.

ಸಂಘಕ್ಕೆ ಎರಡೇ ಶಾಸನ. ಮೊದಲನೆಯದು, ಚಿತ್ರವನ್ನು ಪದ್ಮಲೋಚನ ಟಾಕೀಸಿನಲ್ಲಿ, ಶುಕ್ರವಾರದ ಫಸ್ಟ್ ಶೋನಲ್ಲಿ, ಒಂದೇ ಸಲ ಕೇಳಬೇಕು. ಆಮೇಲೆ ಫೋನಿನಲ್ಲೋ ಟೀವಿಯಲ್ಲೋ ಕೇಳಿದ್ದು ಎಂಜಲು. ಎರಡನೆಯದು, ತಾನು ಸೂಚಿಸುವ ಸಂಗೀತವನ್ನು ಸದಸ್ಯನು ಸಭೆಯ ಮುಂದೆ ತನ್ನ ಬಾಯಿ ಮತ್ತು ಕೈಗಳಿಂದಲೇ ನುಡಿಸಿ ತೋರಿಸಬೇಕು.

ದಸ್ತಗೀರ ಕೊನೆಯ ಪೆಟ್ಟು ಹಾಕಿ ಬೆವರು ಒರೆಸಿಕೊಂಡ. ಅವನ ಕಡೆಯ ಇಬ್ಬರು ಶಿಳ್ಳೆ ಹೊಡೆದರು.

“ಹೆಂಗೆ ಪಂಚಾಕ್ಷರಣ್ಣ? ಎದೆ ಝಲ್ ಅಂತೋ ಇಲ್ವೋ?”

ಎದುರಿಗೆ, ಹತ್ತೊಂಬತ್ತು ವರ್ಷದಿಂದ ತನ್ನದಾಗಿದ್ದ ಅಧ್ಯಕ್ಷರ ಕುರ್ಚಿಯಲ್ಲಿ, ಗೋಧೂಮಪಿಷ್ಟಧವಳಿತಭ್ರೂಯುಗಳನಾದ, ಎಂದರೆ ಗೋಧಿಹಿಟ್ಟು ಕೂತು ಎರಡೂ ಹುಬ್ಬು ಬೆಳ್ಳಗಾದ, ಪಂಚಾಕ್ಷರಯ್ಯ ಕೂತಿದ್ದ. ಸಭೆ ಸೇರಿದ್ದು ಅವನದೇ ಹಿಟ್ಟಿನ ಗಿರಣಿಯ ಹಿಂದಿನ ಕೋಣೆಯಲ್ಲಿ. ಭಾನುವಾರವಾದ್ದರಿಂದ ಗಿರಣಿಗೆ ರಜೆ. ಉಳಿದ ಆರು ದಿನ ಆ ಗಿರಣಿಯ ಗದ್ದಲದಲ್ಲಿ ಗಿರಾಕಿಗಳು ಅವನೊಡನೆ ಕೈಸನ್ನೆಯಲ್ಲೇ ಮಾತಾಡುತ್ತಿದ್ದರು. ಮನೆಯಲ್ಲಿ ಹೆಂಡತಿ ಅವನಿಗೆ ಅರ್ಧ ಕಿವುಡೆಂದು ತೀರ್ಮಾನಿಸಿ ಎಷ್ಟೋ ಕಾಲವಾಗಿತ್ತು. ಇಡೀ ಭೂಮಂಡಲದಲ್ಲಿ ಪಂಚಾಕ್ಷರಯ್ಯನ ಕಿವಿಯನ್ನು ನಂಬುವ ಒಂದೇ ಒಂದು ಸ್ಥಳವಿದ್ದರೆ, ಅದು ಆ ಕುರ್ಚಿ.

“ಝಲ್ ಅಂತು,” ಎಂದ ಪಂಚಾಕ್ಷರಯ್ಯ. “ಟೀ ಚೆಲ್ತಲ್ಲ, ಅದಕ್ಕೆ.”

“ಹಿಟ್ಟು ತುಂಬಿರೋ ಕಿವಿಗೆ ಇನ್ನೇನು ಕೇಳ್ತದೆ ಬಿಡಿ.”

ಈ ಮಾತಿಗೆ ಪಂಚಾಕ್ಷರಯ್ಯ ಎದ್ದು ನಿಂತ. ಚಿಕ್ಕ ವಯಸ್ಸಿನಲ್ಲಿ ಪೌರಾಣಿಕ ನಾಟಕಗಳಲ್ಲಿ ಪಾರ್ಟು ಮಾಡಿದವನಾದ್ದರಿಂದ ಸಿಟ್ಟು ಬಂದಾಗ ಅವನಿಗೆ ನಾಟಕದ ಭಾಷೆಯೇ ಬರುತ್ತಿತ್ತು.

“ಎಲವೆಲವೋ ಮದ್ದಳೆಬಡುಕನೇ! ಬಡಿದದ್ದೆಲ್ಲ ಸಂಗೀತವಾಗುವುದಾದರೆ ಮಂಚ ಬಡಿಯುವ ಬಡಗಿಗೂ ಈ ಕರ್ಣಪ್ರಶಸ್ತಿ ಸಲ್ಲಬೇಕು! ಹಾಡಿಗೆ ಪ್ರಶಸ್ತಿ ಕೊಡುವವರು ಮದುವೆಯೂಟಕ್ಕೆ ಹೋಗಿ ಉಪ್ಪಿನಕಾಯಿಯನ್ನು ಹೊಗಳಿ ಬರುವವರು. ತಮಟೆಗೆ ಪ್ರಶಸ್ತಿ ಕೊಡುವವರು ಎಲೆ ತೊಳೆಯುವ ನೀರನ್ನೇ ಹೊಗಳಿ ಬರುವವರು! ನಾನು ಸೂಚಿಸುವುದು ‘ಹದಿಮೂರನೇ ಗೇಟು’ ಚಿತ್ರದ ಕಟ್ಟಕಡೆಯ ದೃಶ್ಯ. ತಾಯಿ ರೈಲ್ವೆ ಗೇಟಿನ ಮುಂದೆ ನಿಂತಿರುವಳು. ಮಗನಿದ್ದ ರೈಲು ಹಾದುಹೋಗುವುದು. ಆಗ ಆ ಸಂಗೀತ ನಿರ್ದೇಶಕ ಮಹಾಶಯನು ಏನು ನುಡಿಸಿದನು? ಏನನ್ನೂ ನುಡಿಸಲಿಲ್ಲ! ನಲವತ್ತೇಳು ಸೆಕೆಂಡು, ನನ್ನ ಗಡಿಯಾರವೇ ಸಾಕ್ಷಿ, ಮೌನ! ರೈಲು ಹೋದರೂ ರೈಲಿನ ಸದ್ದಿಲ್ಲ! ತಾಯಿ ಬಾಯಿ ತೆರೆದರೂ ದನಿಯಿಲ್ಲ! ಇಂಥ ಎದೆಗಾರಿಕೆ ಯಾರಿಗುಂಟು? ಈ ಮೌನಕ್ಕೆ ಪ್ರಶಸ್ತಿ ಸಲ್ಲದೇ ಹೋದರೆ, ಈ ಕುರ್ಚಿಯನ್ನು ಬಿಟ್ಟಿಳಿಯುವೆನು, ಇನ್ನು ಮೇಲೆ ಯಾವ ಚಿತ್ರದ ಬಗ್ಗೆಯೂ ತುಟಿ ಬಿಚ್ಚೆನು!”

“ನುಡಿಸಿ ಮತ್ತೆ,” ಎಂದಳು ಕಾರ್ಯದರ್ಶಿ ವಿಮಲಾಕ್ಷಿ, ಬಿದ್ದ ನಡಾವಳಿ ಪುಸ್ತಕದ ಟೀ ಒರೆಸುತ್ತ. ಅವಳು ಅಂಚೆ ಕಚೇರಿಯ ಗುಮಾಸ್ತೆ. ಶಾಸನವೆಂದರೆ ಅವಳಿಗೆ ಶಾಸನ.

ಪಂಚಾಕ್ಷರಯ್ಯ ಕೂತ. ಎರಡೂ ಅಂಗೈಗಳನ್ನು ಮೇಜಿನ ಮೇಲಿಟ್ಟ. ಬಾಯಿ ಮುಚ್ಚಿದ. ನುಡಿಸತೊಡಗಿದ.

ಓ ಸರಸ್ವತಿಯೇ, ಆ ನುಡಿಸಾಣಿಕೆಯನ್ನು ಯಾವ ಶಬ್ದದಿಂದ ಹೇಳಲಿ! ಹತ್ತನೆಯ ಸೆಕೆಂಡಿಗೆ ಗೋಡೆಯ ಹಲ್ಲಿ ತನ್ನ ಬೇಟೆ ಮರೆಯಿತು. ಇಪ್ಪತ್ತನೆಯದಕ್ಕೆ ದಸ್ತಗೀರ ತನ್ನ ಉಸಿರು ತನಗೇ ಕೇಳಿ ಗಾಬರಿಯಾದ. ಮೂವತ್ತನೆಯದಕ್ಕೆ ಹೊರಗಿನಿಂದ ಯಾರೋ ಹೆಂಗಸು, “ಮಿಲ್ಲು ಇದ್ದದಾ ಇವತ್ತು? ರಾಗಿ ತಂದಿದ್ದೆ!” ಎಂದು ಕೂಗಿದಳು. ಬಲಭೀಮನಾದರೂ ಅಲುಗಬೇಕಾದ ಘಳಿಗೆ. ಪಂಚಾಕ್ಷರಯ್ಯ ಅಲುಗಲಿಲ್ಲ. ಗಿರಾಕಿ ಹೋದರೆ ಹೋಗಲಿ ಎಂದು ಅವನ ಹುಬ್ಬಿನ ಹಿಟ್ಟೂ ಉದುರದೆ ನಿಂತಿತು. ನಲವತ್ತೇಳಕ್ಕೆ ಅವನು ಕೈ ಎತ್ತಿದಾಗ ವಿಮಲಾಕ್ಷಿಯ ಕಣ್ಣು ಒದ್ದೆಯಾಗಿತ್ತು.

“ದಿನಾ ಕೌಂಟರಿನಲ್ಲಿ ನೂರು ಜನ ಒಟ್ಟಿಗೆ ಕಿರುಚ್ತಾರೆ,” ಎಂದಳು. “ಇಷ್ಟು ಸುಮ್ಮನಿದ್ದಿದ್ದು ನಾನು ಎಂದೂ ಕೇಳಿರಲಿಲ್ಲ. ನನ್ನ ಓಟು ಅಧ್ಯಕ್ಷರಿಗೆ.”

ನಾಲ್ಕಕ್ಕೆ ಮೂರು. ‘ಹದಿಮೂರನೇ ಗೇಟು ಚಿತ್ರದ ಕೊನೆಯ ನಿಶ್ಶಬ್ದವನ್ನು ನಿರ್ಮಿಸಿದವರಿಗೆ’ ಎಂದು ವಿಮಲಾಕ್ಷಿ ನಡಾವಳಿಯಲ್ಲಿ ಬರೆದು ಕೆಳಗೆ ಗೆರೆ ಎಳೆದಳು. ಮೂರು ಜನರ ಕೈದಾಟಿ ಸಿಕ್ಕಿದ್ದ ಸಂಗೀತ ನಿರ್ದೇಶಕರ ನಂಬರಿಗೆ ಆಗಲೇ ಫೋನು ಹೋಯಿತು. ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದರು.

“ನಮಸ್ಕಾರ ಸ್ವಾಮಿ. ಅರಸೀಕೆರೆಯಿಂದ ಮಾತಾಡ್ತಿರೋದು. ತಮ್ಮ ಹದಿಮೂರನೇ ಗೇಟು ನೋಡಿದ್ವಿ. ಆ ಕ್ಲೈಮ್ಯಾಕ್ಸು…” ಪಂಚಾಕ್ಷರಯ್ಯ ಫೋನನ್ನು ಬಾಯಿಗೆ ಇನ್ನಷ್ಟು ಹತ್ತಿರ ಹಿಡಿದ. “ಆ ಮೌನ ಸ್ವಾಮಿ! ಅದನ್ನ ಹೆಂಗೆ ಯೋಚಿಸಿದ್ರಿ?”

“ಯಾವ ಮೌನ?”

“ರೈಲು ಹೋಗುವಾಗ ಏನೂ ಇಲ್ವಲ್ಲ, ಅದು.”

ಆ ಕಡೆಯಿಂದಲೂ ಸ್ವಲ್ಪ ಹೊತ್ತು ಮೌನವೇ ಬಂತು. ಇದು ನಿಜವಾದ್ದು.

“ಏನ್ರೀ ಇಲ್ಲ ಅಂದ್ರೆ? ಅಲ್ಲಿ ನಲವತ್ತು ವಯಲಿನ್ ಇದೆ. ಹನ್ನೆರಡು ಚೆಲ್ಲೋ ಇದೆ. ಕೋರಸ್ ಇದೆ. ಆ ಒಂದು ಬಿಟ್‌ಗೆ ಎರಡು ತಿಂಗಳು ನಿದ್ದೆ ಮಾಡಿಲ್ಲ ನಾನು. ಯಾವ ಥಿಯೇಟರಿನಲ್ಲಿ ನೋಡಿದ್ರಿ ನೀವು? ಅಲ್ಲಿನ ಆಪರೇಟರ್ ಸೌಂಡ್ ಆಫ್ ಮಾಡಿ ಮಲಗಿದ್ನಾ?”

ಫೋನು ಕಟ್ಟಾಯಿತು.

ದಸ್ತಗೀರ ಮೊದಲು ಬಾಯಿಗೆ ಕೈ ಅಡ್ಡ ಹಿಡಿದ. ಆಮೇಲೆ ಟವೆಲು ಹಿಡಿದ. ಕೊನೆಗೆ ಮೇಜಿನ ಕೆಳಗೇ ಹೋದ. ಅಲ್ಲಿಂದ ಅವನ ನಗು, ರಸಾತಳದಿಂದ ಉಕ್ಕಿದ ಬಿಸಿನೀರ ಬುಗ್ಗೆಯಂತೆ ಬಂತು. “ನಲವತ್ತು ವಯಲಿನ್ನು! ಯಾ ಅಲ್ಲಾ! ನಲವತ್ತು ವಯಲಿನ್ನು ಕೇಳಿಲ್ಲ ಇವರಿಗೆ!”

“ನಿನಗೆ ಕೇಳಿತ್ತೇನೋ? ನನ್ನ ಪಕ್ಕದ ಸೀಟಲ್ಲೇ ಇದ್ದೆಯಲ್ಲ,” ಎಂದ ಪಂಚಾಕ್ಷರಯ್ಯ.

“ನಾನೇನು ಕುರ್ಚಿ ಪಣ ಇಟ್ಟಿದ್ನಾ? ಇಳೀರಿ ಅಣ್ಣ, ಇಳೀರಿ.”

ಮಹಾಸಮುದ್ರದ ನಡುವೆ ಹಡಗು ಒಡೆದವನು ತೇಲುವ ಹಲಗೆಗೆ ಕೈ ಚಾಚುವಂತೆ, ಪಂಚಾಕ್ಷರಯ್ಯ ನಡಾವಳಿ ಪುಸ್ತಕಕ್ಕೆ ಕೈ ಚಾಚಿದ. ಓದಿದ. ಮತ್ತೊಮ್ಮೆ ಓದಿದ.

“ವಿಮಲಾಕ್ಷಿ, ಇಲ್ಲಿ ಸಂಗೀತ ನಿರ್ದೇಶಕರಿಗೆ ಅಂತ ಬರೆದಿಲ್ಲ.”

“ಇಲ್ಲ. ನಿಶ್ಶಬ್ದವನ್ನು ನಿರ್ಮಿಸಿದವರಿಗೆ ಅಂತ ಬರೆದಿದೀನಿ. ಓಟು ಬಿದ್ದಿದ್ದು ಅದಕ್ಕೇ.”

“ಹಾಗಾದರೆ,” ಪಂಚಾಕ್ಷರಯ್ಯನ ಬೆನ್ನು ನೆಟ್ಟಗಾಯಿತು, ಭಾಷೆ ಏರಿತು, “ನಮ್ಮ ಕಿವಿಗೆ ತಪ್ಪಾಗಿಲ್ಲ! ತಪ್ಪಾದದ್ದು ಹೆಸರು ಮಾತ್ರ! ನಲವತ್ತು ವಯಲಿನ್ನುಗಳ ಕುತ್ತಿಗೆ ಹಿಸುಕಿ ಆ ತಾಯಿಯನ್ನು ಸುಮ್ಮನೆ ನಿಲ್ಲಲು ಬಿಟ್ಟ ಮಹಾನುಭಾವನು ಬೇರೊಬ್ಬನಿರುವನು. ಅವನು ಪ್ರಶಸ್ತಿ ತೆಗೆದುಕೊಂಡರೆ?”

ದಸ್ತಗೀರ ಮೇಜಿನ ಕೆಳಗಿನಿಂದ ತಲೆ ಹೊರಹಾಕಿದ. “ತಗೊಂಡ್ರೆ ಕುರ್ಚಿ ನಿಮ್ಮದೇ. ತಗೊಳ್ಳದೇ ಇದ್ರೆ ನಂದು. ನಡೀರಿ, ಮ್ಯಾಟ್ನಿ ಬಿಡೋ ಹೊತ್ತು.”

ಹೊರಟಿತು ದಂಡು. ಮುಂದೆ ಹಿತ್ತಾಳೆಯ ಕಿವಿಯನ್ನು ಎದೆಗೊತ್ತಿಕೊಂಡ ಪಂಚಾಕ್ಷರಯ್ಯ, ಅವನ ಹಿಂದೆ ನಡಾವಳಿಧಾರಿಣಿ ವಿಮಲಾಕ್ಷಿ, ಅವಳ ಹಿಂದೆ ನಗು ತಡೆಯಲಾರದ ದಸ್ತಗೀರ, ಕೊನೆಗೆ ಉಳಿದ ನಾಲ್ವರು. ಪೇಟೆಬೀದಿ ಅವರಿಗೆ ದಾರಿ ಬಿಟ್ಟಿತು, ಬಾಳೆಹಣ್ಣಿನ ಗಾಡಿಯೊಂದನ್ನು ಬಿಟ್ಟು. ಅದನ್ನು ಅವರೇ ಸುತ್ತಿಕೊಂಡು ಹೋದರು. “ಏನ್ ಮಿಲ್ ಯಜಮಾನ್ರೇ, ಗೋಡಂಬಿ ಅಷ್ಟು ದೊಡ್ಡದು ಎಲ್ಲಿ ಸಿಕ್ತು?” ಎಂದು ಎಲೆಅಡಿಕೆ ಅಂಗಡಿಯಿಂದ ಯಾರೋ ಕೇಳಿದರು. ವೀರನು ತಿರುಗಿ ನೋಡಲಿಲ್ಲ.

ಪದ್ಮಲೋಚನ ಟಾಕೀಸಿನ ಕಡಿದಾದ ಮೂವತ್ತೆರಡು ಮೆಟ್ಟಿಲು ಹತ್ತಿದರೆ, ಕೈಲಾಸದಷ್ಟು ಎತ್ತರದಲ್ಲೂ ಕುಲುಮೆಯಷ್ಟು ಸೆಕೆಯಲ್ಲೂ ಇದ್ದ ಪ್ರೊಜೆಕ್ಟರ್ ರೂಮಿನಲ್ಲಿ ಆಪರೇಟರ್ ಕರಿಯಣ್ಣ ಬನಿಯನ್ನಿನಲ್ಲಿ ಕೂತು ಖಾರದ ಮಂಡಕ್ಕಿ ತಿನ್ನುತ್ತಿದ್ದ. ಏಳು ಜನರನ್ನು ಕಂಡು ಪೊಟ್ಟಣ ಮುಚ್ಚಿಕೊಂಡ.

“ಕರಿಯಣ್ಣ, ಹದಿಮೂರನೇ ಗೇಟು ಹಾಕಿದ್ದ ಶುಕ್ರವಾರ,” ಎಂದ ಪಂಚಾಕ್ಷರಯ್ಯ, ಏದುಸಿರಿನ ನಡುವೆ, “ಕೊನೇಲಿ ರೈಲು ಹೋಗುವಾಗ ಸೌಂಡ್ ನಿಲ್ಲಿಸಿದ್ದು ನೀನೇನಾ?”

ಕರಿಯಣ್ಣ ಏಳೂ ಮುಖಗಳನ್ನು ನೋಡಿದ. “ಓನರ್ ಕಳ್ಸಿದ್ರಾ?”

“ಇಲ್ಲ ಇಲ್ಲ. ಹೇಳು.”

“ನಾನೇನ್ ಮಾಡ್ಲಿ ಸ್ವಾಮಿ. ಎಲ್ಡು ಗಂಟೆ ಓಡ್ತು ಅಂದ್ರೆ ಈ ಆಂಪ್ಲಿಫೈಯರ್ ಕೆಂಡ ಆಯ್ತದೆ. ಸುಟ್ಟ ವಾಸ್ನೆ ಬಂದೇಟ್ಗೆ ಆಫ್ ಮಾಡಿ, ರಟ್ಟಲ್ಲಿ ಗಾಳಿ ಹಾಕಿ, ತಿರುಗ ಆನ್ ಮಾಡ್ತೀನಿ. ಒಂದ್ ನಿಮ್ಷ ಆಗಲ್ಲ ಅದು.”

“ನಲವತ್ತೇಳು ಸೆಕೆಂಡು,” ಎಂದಳು ವಿಮಲಾಕ್ಷಿ.

ಪಂಚಾಕ್ಷರಯ್ಯನು ಅಂಚು ಸುಟ್ಟ ಆ ರಟ್ಟನ್ನು ಕಂಡ. ಲಾಡುಂಡೆ ಡಬ್ಬದ ರಟ್ಟು. ಅವನ ಭಾಷೆ ಏರಬೇಕಾಗಿತ್ತು. ಏಕೋ ಏರಲಿಲ್ಲ.

“ನೋಡು ಕರಿಯಣ್ಣ. ಆ ತಾಯಿ ಅಳುವಾಗ ಲೋಕದಲ್ಲಿ ಯಾರೂ ಅವಳನ್ನ ಸುಮ್ಮನೆ ಅಳೋಕೆ ಬಿಡ್ತಿರಲಿಲ್ಲ. ನೀನೊಬ್ಬ ಬಿಟ್ಟೆ. ನನ್ನ ಜೀವಮಾನದಲ್ಲಿ ಅಂಥದ್ದು ಕೇಳಿಲ್ಲ. ಇದು ನಿಂದು.” ಅವನು ಎರಡೂ ಕೈಯಲ್ಲಿ ಕಿವಿಯನ್ನು ಮುಂದಕ್ಕೆ ಚಾಚಿದ.

ದಸ್ತಗೀರ ನಗುವುದನ್ನು ನಿಲ್ಲಿಸಿದ. ಕೆಳಗೆ ಮ್ಯಾಟ್ನಿ ಬಿಟ್ಟ ಜನ ಶಿಳ್ಳೆ ಹಾಕುತ್ತಿದ್ದರು.

ಕರಿಯಣ್ಣ ಅದನ್ನು ತಿರುಗಿಸಿ ನೋಡಿದ, ತೂಕ ನೋಡಿದ, ಮತ್ತೆ ಪಂಚಾಕ್ಷರಯ್ಯನ ಕೈಯಲ್ಲಿಟ್ಟ.

“ಇದ್ಯಾಕೆ ನಂಗೆ? ಪ್ರಿಂಟೇ ಸರಿಯಿಲ್ಲ ಅಂತ ಓನರ್‌ಗೆ ಹೇಳಿವ್ನಿ. ಇದ ತಗೊಂಡ್ರೆ ಸೌಂಡ್ ನಿಲ್ಸಿದ್ದು ನಾನೇ ಅಂತ ಸೀಲ್ ಹಾಕ್ದಂಗೆ ಆಗಲ್ವಾ?”

“ಓನರ್‌ಗೆ ನಾನು ಹೇಳ್ತೀನಿ. ಇಪ್ಪತ್ತು ವರ್ಷದ ಸೇವೆಗೆ ಅಂತ ಬರೆಸ್ತೀನಿ. ವಿಮಲಾಕ್ಷಿ, ಬರಿ.”

“ಹಂಗೆ ಬರೆಯೋಕೆ ಬರಲ್ಲ,” ಎಂದಳು ವಿಮಲಾಕ್ಷಿ.

“ಬರೀಬ್ಯಾಡಿ. ಒಳ್ಳೇದೇ ಆಯ್ತು,” ಎಂದ ಕರಿಯಣ್ಣ, ಪೊಟ್ಟಣ ಬಿಚ್ಚಿಕೊಳ್ಳುತ್ತ. “ಕೊಡ್ಲೇಬೇಕು ಅಂದ್ರೆ ಈ ಆಂಪ್ಲಿಫೈಯರ್‌ಗೆ ಒಂದು ಟೇಬಲ್ ಫ್ಯಾನ್ ಕೊಡ್ಸಿ. ಆಮ್ಯಾಕೆ ಸೌಂಡು ಒಂದ್ ಸೆಕೆಂಡೂ ನಿಲ್ಲಕಿಲ್ಲ.”

ಪಂಚಾಕ್ಷರಯ್ಯ ಕಿವಿಯನ್ನು ಇನ್ನೊಮ್ಮೆ ಚಾಚಿದ. ಈ ಸಲ ದಸ್ತಗೀರನ ಕಡೆ ನೋಡಲಿಲ್ಲ.

“ಬ್ಯಾಡ ಅಂದ್ನಲ್ಲ ಸ್ವಾಮಿ.”