ಎಡಕ್ಕೆ ತಿರುಗಿಸಿದರೆ ಬಲಕ್ಕೆ ಹೋಗುವ ಲಾರಿಯ ಬಗ್ಗೆ ಪೆಂಗ್ವಿನ್ ಅವರಿಗೆ ಒಂದು ದೂರು

ಮಾನ್ಯರೇ,

ಹಿಮದ ಮೇಲೆ ವಾಸಿಸುವವರೂ, ಕಪ್ಪು ಕೋಟು ಬಿಳಿ ಅಂಗಿಯಲ್ಲಿ ಸದಾ ಯಾರದೋ ಮದುವೆಗೆ ಹೊರಟವರಂತೆ ಕಾಣುವವರೂ, ಉಚಿತ ಕಂಪ್ಯೂಟರ್ ವ್ಯವಸ್ಥೆಯಾದ ಲಿನಕ್ಸ್‌ನ ಲಾಂಛನವಾಗಿ ನಮ್ಮ ಮನೆಯ ಪರದೆಯ ಮೇಲೆ ಪ್ರತಿದಿನ ದರ್ಶನ ಕೊಡುವವರೂ ಆದ ಪೆಂಗ್ವಿನ್ ಅವರ ಸನ್ನಿಧಾನಕ್ಕೆ ನ್ಯಾಮತಿಯಿಂದ ಪ್ರಮೀಳಾ ಕಲ್ಲೇಶಪ್ಪ ಮಾಡುವ ನಮಸ್ಕಾರಗಳು. ತಮ್ಮ ಕಡೆ ಚಳಿ ಚೆನ್ನಾಗಿದೆಯೆಂದು ಭಾವಿಸುತ್ತೇನೆ. ನಮ್ಮ ಕಡೆ ಬಿಸಿಲು ಹೇಗಿದೆಯೆಂದರೆ, ತಾವು ಬಸ್ ನಿಲ್ದಾಣದಲ್ಲಿ ಇಳಿದು ನಮ್ಮ ಮನೆ ಮುಟ್ಟುವುದರೊಳಗೆ ಆ ಕೋಟನ್ನು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡಿರುತ್ತೀರಿ. ಈ ದೂರನ್ನು ಯಾರಿಗೆ ಬರೆಯಬೇಕೆಂದು ಬಹಳ ವಿಚಾರಿಸಿದೆ. ತಮ್ಮ ವ್ಯವಸ್ಥೆಗೆ ಒಬ್ಬ ಮಾಲೀಕರಿಲ್ಲ, ಅದು ಎಲ್ಲರದ್ದೂ ಎಂದು ತಿಳಿಯಿತು. ಎಲ್ಲರೂ ಯಜಮಾನರಾಗಿರುವ ಮನೆಯಲ್ಲಿ ದೂರು ಕೇಳಿಸಿಕೊಳ್ಳಲು ಸಿಗುವುದು ಗೋಡೆಯ ಮೇಲಿನ ಫೋಟೋ ಮಾತ್ರ. ಆ ಫೋಟೋದಲ್ಲಿರುವವರು ತಾವಾದ್ದರಿಂದ ತಮಗೇ ಬರೆಯುತ್ತಿದ್ದೇನೆ.

ನಾನು ಮತ್ತು ಪಕ್ಕದ ಮನೆಯ ದುರುಗಕ್ಕ ಸೇರಿ ಜೋಳದ ರೊಟ್ಟಿ ಮಾಡಿ ಮಾರುತ್ತೇವೆ. ಹೊನ್ನಾಳಿಯ ಖಾನಾವಳಿಗಳಿಗೆ, ಚನ್ನಗಿರಿಯ ಅಂಗಡಿಗಳಿಗೆ, ಮದುವೆ ಕಾಲದಲ್ಲಿ ಸವಳಂಗದ ಛತ್ರಕ್ಕೆ ನಮ್ಮ ರೊಟ್ಟಿಯೇ ಹೋಗಬೇಕು. ಸಾಗಿಸಲು ಒಂದು ಪುಟ್ಟ ಲಗೇಜ್ ಗಾಡಿ ಇದೆ. ಅದನ್ನು ಓಡಿಸುವವನು ನನ್ನ ಮೈದುನ ಮುತ್ತುರಾಜ್. ಅವನು ಕೆಟ್ಟವನಲ್ಲ, ಆದರೆ ಗಾಡಿ ಹೊರಡಬೇಕಾದರೆ ಡೀಸೆಲ್‌ಗಿಂತ ಮೊದಲು ಅವನಿಗೆ ಮನಸ್ಸು ಬರಬೇಕು. ಒಂದು ದಿನ ಸವಳಂಗದ ಮದುವೆಯ ರೊಟ್ಟಿಯೆಲ್ಲ ಗಾಡಿಗೆ ತುಂಬಿದ ಮೇಲೆ ಅವನು ಕ್ರಿಕೆಟ್ ಮ್ಯಾಚಿನ ಕೊನೆಯ ಓವರ್‌ಗಳು ಮುಗಿಯಲಿ ಎಂದು ಕುಳಿತ. ಮ್ಯಾಚು ಸಮವಾಗಿ ಮತ್ತೊಂದು ಓವರ್ ಆಡಿಸಿದರು. ನಾವು ಛತ್ರ ಮುಟ್ಟಿದಾಗ ಬೀಗರು ಅನ್ನ ಸಾರು ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಹೆಣ್ಣಿನ ತಂದೆ ನನ್ನ ಮುಖ ನೋಡಿದ ರೀತಿ ಇವತ್ತಿಗೂ ನೆನಪಿದೆ. ಬರುವಾಗ ದಾರಿಯಲ್ಲಿ ನಾನು, "ಮುತ್ತು, ನಾನೇ ಗಾಡಿ ಕಲೀತೀನಿ" ಎಂದೆ. ಅವನು ನಕ್ಕು, "ಅತ್ತಿಗೆ, ಇದೇನು ರೊಟ್ಟಿ ಹಂಚೇನು? ನೀವು ಸ್ಟೇರಿಂಗ್ ಹಿಡಿದ್ರೆ ಗಾಡಿ ಎತ್ತಾಗೆ ಹೋಗ್ತೈತೋ ಗಾಡಿಗೇ ಗೊತ್ತಿರಾಕಿಲ್ಲ" ಎಂದ. ದುರುಗಕ್ಕ ಹಿಂದೆ ರೊಟ್ಟಿ ಬುಟ್ಟಿಗಳ ನಡುವೆ ಕುಳಿತಿದ್ದವಳು, "ಕಲಿ ಯವ್ವಾ, ನಾನದೀನಿ" ಎಂದಳು.

ಹೊನ್ನಾಳಿಯ ಒಂದು ಡ್ರೈವಿಂಗ್ ಶಾಲೆಗೆ ಸೇರಿದೆ. ಅಲ್ಲಿನ ಮಾಸ್ತರರು ಬಹಳ ಜಾಗರೂಕರು. ಸ್ಟೇರಿಂಗ್ ಮೇಲೆ ನನ್ನ ಕೈ, ನನ್ನ ಕೈಯ ಪಕ್ಕದಲ್ಲಿ ಅವರ ಕೈ. ಕ್ಲಚ್ಚು, ಬ್ರೇಕು ಎರಡೂ ಅವರ ಕಾಲ ಕೆಳಗೆ ಇನ್ನೊಂದು ಜೊತೆ. ಇಷ್ಟರ ನಡುವೆ ಕಾರು ಓಡಿಸುತ್ತಿರುವವರು ಯಾರು ಎಂಬುದೇ ತಿಳಿಯದೆ ನಾನು ಎಲ್ ಬೋರ್ಡಿನ ಹಿಂದೆ ಪ್ರಯಾಣಿಕಳಂತೆ ಊರು ನೋಡಿಕೊಂಡು ಬರುತ್ತಿದ್ದೆ. ಇದನ್ನು ಕೇಳಿ ಹೊನ್ನಾಳಿಯ ಸೈಬರ್ ಅಂಗಡಿಯಲ್ಲಿ ಕೆಲಸ ಮಾಡುವ ನಮ್ಮ ಮಗಳು ಅರುಣಾ, "ಅಮ್ಮ, ಮನೇಲೇ ಪ್ರಾಕ್ಟೀಸ್ ಮಾಡು. ಲಾರಿ ಓಡಿಸೋ ಗೇಮ್ ಐತೆ" ಎಂದು ಅಂಗಡಿಯವರು ಮೂಲೆಗೆ ಹಾಕಿದ್ದ ಒಂದು ಕಂಪ್ಯೂಟರ್, ಅದರ ಜೊತೆಗೆ ಆಟದ ಸ್ಟೇರಿಂಗ್ ಮತ್ತು ಪೆಡಲ್‌ಗಳನ್ನು ತಂದಳು. ಬೇರೆ ಯಾವ ವ್ಯವಸ್ಥೆಯೂ ಆ ಮುದಿ ಕಂಪ್ಯೂಟರಿನ ಮೇಲೆ ಕೂರಲು ಒಪ್ಪದಿದ್ದಾಗ ತಾವು ಒಬ್ಬರೇ ಒಪ್ಪಿದಿರಿ. ಅದಕ್ಕಾಗಿ ತಮಗೆ ಮೊದಲ ಧನ್ಯವಾದ. ಇನ್ನು ಮುಂದಿನದೆಲ್ಲ ದೂರು.

ಮಾನ್ಯರೇ, ತಮ್ಮ ಆಶ್ರಯದಲ್ಲಿ ಆ ಆಟ ನಡೆದ ರೀತಿಯನ್ನು ಎಷ್ಟು ಹೊಗಳಿದರೂ ಸಾಲದು. ಸ್ಟೇರಿಂಗನ್ನು ಎಡಕ್ಕೆ ತಿರುಗಿಸಿದರೆ ಲಾರಿ ಬಲಕ್ಕೆ ಹೋಗುತ್ತಿತ್ತು. ಬ್ರೇಕ್ ಒತ್ತಿದರೆ ಹಾರ್ನ್ ಆಗುತ್ತಿತ್ತು. ಹಾರ್ನ್ ಒತ್ತಿದರೆ ವೈಪರ್ ಆಡುತ್ತಿತ್ತು. ವೈಪರ್ ಒತ್ತಿದರೆ ಏನಾಗುತ್ತದೆಂದು ನೋಡಲು ಹೋಗಿ ಒಂದು ಸಲ ಇಡೀ ಕಂಪ್ಯೂಟರ್ ಆರಿತು. ಮೇಲಾಗಿ ಲಾರಿ ಎಷ್ಟು ವಿಚಾರವಂತವಾಗಿತ್ತೆಂದರೆ, ನಾನು ತಿರುಗಿಸಿ ಎದ್ದು ಹೋಗಿ, ಹಂಚಿನ ಮೇಲಿನ ರೊಟ್ಟಿ ಮಗುಚಿ ಬಂದರೂ ಅದು ಇನ್ನೂ ತಿರುಗಬೇಕೋ ಬೇಡವೋ ಎಂದು ಯೋಚಿಸುತ್ತಾ ನಿಂತಿರುತ್ತಿತ್ತು. ಆಮೇಲೆ ಒಮ್ಮೆಲೇ ನಿರ್ಧಾರ ಮಾಡಿ ಮೂರು ಮನೆ, ಒಂದು ಸೇತುವೆ ದಾಟಿ ಆಕಾಶಕ್ಕೆ ಏರುತ್ತಿತ್ತು. ಆಕಾಶದಿಂದ ಇಳಿಸುವ ಗೇರ್ ಯಾವುದೆಂದು ಕೇಳಿದರೆ ಅರುಣಾಗೂ ಗೊತ್ತಿರಲಿಲ್ಲ.

ತಮ್ಮ ಭಕ್ತರು ಇಂಟರ್‌ನೆಟ್ಟಿನಲ್ಲಿ ಒಂದು ಕಡೆ ಸೇರಿ ಪರಸ್ಪರ ಸಹಾಯ ಮಾಡುತ್ತಾರೆಂದು ಕೇಳಿ, ಅರುಣಾಳ ಕೈಲಿ ನಮ್ಮ ಕಷ್ಟವನ್ನು ಅಲ್ಲಿ ಬರೆಸಿದೆ. ಮೊದಲನೆಯವರು, ನಾವು ತಪ್ಪು ಜಾತಿಯ ಲಿನಕ್ಸ್ ಹಾಕಿದ್ದೇವೆ, ಬೇರೆಯದನ್ನು ಹಾಕಬೇಕು ಎಂದರು. ಎರಡನೆಯವರು, ಮೊದಲನೆಯವರ ಮಾತು ಕೇಳಿದರೆ ಮನೆ ಹಾಳಾಗುತ್ತದೆ ಎಂದರು. ಆಮೇಲೆ ಅವರಿಬ್ಬರೂ ನಮ್ಮನ್ನು ಮರೆತು ವಾರಗಟ್ಟಲೆ ಜಗಳವಾಡಿದರು. ಕೊನೆಗೆ ಬಂದ ಒಬ್ಬ ಸಜ್ಜನರು, ಈ ವ್ಯವಸ್ಥೆಯ ಒಳಗಿನ ಬರಹವೆಲ್ಲ ಎಲ್ಲರಿಗೂ ತೆರೆದಿದೆ, ಏನು ತಪ್ಪಾಗಿದೆಯೋ ಓದಿ ತಾವೇ ಸರಿಮಾಡಿಕೊಳ್ಳಬಹುದು ಎಂದು ವಿನಯದಿಂದ ತಿಳಿಸಿದರು. ಮಾನ್ಯರೇ, ನಮ್ಮ ಮನೆಯ ಬಾಗಿಲೂ ದಿನವಿಡೀ ತೆರೆದೇ ಇರುತ್ತದೆ. ಹಾಗೆಂದು ಹಸಿದು ಬಂದವರಿಗೆ, ಹಿಟ್ಟು ಅಲ್ಲಿದೆ, ಒಲೆ ಇಲ್ಲಿದೆ, ತಾವೇ ತಟ್ಟಿಕೊಳ್ಳಿ ಎಂದು ನಾವು ಯಾರಿಗೂ ಹೇಳಿಲ್ಲ.

ಇನ್ನು ವೈನ್ ವಿಷಯ. ಬೇರೆ ವ್ಯವಸ್ಥೆಗೆಂದು ಮಾಡಿದ ಆಟಗಳನ್ನು ತಮ್ಮಲ್ಲಿ ಓಡಿಸುವ ಸಾಧನಕ್ಕೆ ಆ ಹೆಸರಿಟ್ಟ ಪುಣ್ಯಾತ್ಮರು ಯಾರೋ, ಅವರು ನ್ಯಾಮತಿಯ ಓಣಿಗಳಲ್ಲಿ ಎಂದೂ ವಾಸ ಮಾಡಿಲ್ಲ. ಅರುಣಾ ಹೊನ್ನಾಳಿಯಿಂದ ಫೋನಿನಲ್ಲಿ ಹೇಳಿದ್ದನ್ನು ನಾನು ಕಿವಿ ಸ್ವಲ್ಪ ಮಂದವಾದ ದುರುಗಕ್ಕನಿಗೆ ಜೋರಾಗಿ ಹೇಳಿದೆ: "ವೈನ್ ಹಾಕಿದ್ರೆ ಮಾತ್ರ ಗಾಡಿ ಓಡ್ತೈತಂತೆ!" ಬೀದಿಯಲ್ಲಿ ಹೋಗುತ್ತಿದ್ದವರೆಲ್ಲ ಕೇಳಿಸಿಕೊಂಡರು. ಸಂಜೆಯ ಹೊತ್ತಿಗೆ ಗುಡಿಯ ಕಟ್ಟೆಯಲ್ಲಿ ನಮ್ಮ ಮನೆಯವರನ್ನು ಒಬ್ಬರು ಪಕ್ಕಕ್ಕೆ ಕರೆದು, "ಕಲ್ಲೇಶಪ್ಪ, ಮನ್ಯಾಗೆ ಎಲ್ಲ ಸರಿ ಐತೇನಪ್ಪಾ?" ಎಂದು ಬೆನ್ನು ಸವರಿದರಂತೆ. ಮರುದಿನ ಡ್ರೈವಿಂಗ್ ಮಾಸ್ತರರು ನಾನು ಕಾರು ಹತ್ತುವ ಮೊದಲು, "ಅಮ್ಮಾರೇ, ಬಾಯಿ ಒಂಚೂರು ಊದ್ರಿ" ಎಂದರು. ಊದಿದೆ. ಬೆಳ್ಳುಳ್ಳಿ ಚಟ್ನಿಯ ವಾಸನೆ ಬಂತು. ಆದರೂ ಅವರಿಗೆ ನಂಬಿಕೆ ಬರದೆ, ಇನ್ನು ಮುಂದೆ ತರಗತಿಗೆ ಬರುವುದು ಬೇಡ ಎಂದುಬಿಟ್ಟರು. ಕಲಿಯಲು ಉಳಿದದ್ದು ತಮ್ಮ ಲಾರಿ ಒಂದೇ.

ಆಟಕ್ಕೆ ನಾನು ಕುಳಿತರೆ ದುರುಗಕ್ಕ ಹಿಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕುಳಿತುಕೊಳ್ಳುತ್ತಿದ್ದಳು. ಪರದೆಯ ಮೇಲಿನ ಊರು ಯಾವ ದೇಶದ್ದೋ ಏನೋ. ಹಿಮ ಬಿದ್ದಿರುತ್ತಿತ್ತು. ಎಲ್ಲರೂ ರಸ್ತೆಯ ಬಲಕ್ಕೇ ಹೋಗುತ್ತಿದ್ದರು. "ಇಲ್ಲೇ ಒಂಚೂರು ನಿಲ್ಸು, ಆ ಹೆಣ್ಮಗಳು ಒಬ್ಳೇ ನಿಂತವ್ಳೆ, ಹತ್ತಿಸ್ಕೊಳ್ಳಾನ" ಎನ್ನುವಳು ದುರುಗಕ್ಕ. ಬ್ರೇಕ್ ಒತ್ತಿದರೆ ಹಾರ್ನ್ ಆಗುವುದರಿಂದ ಆ ಹೆಣ್ಣುಮಗಳು ಹೆದರಿ ಓಡುವಳು. ಲಾರಿ ಆಕಾಶಕ್ಕೆ ಏರಿದಾಗ ಮಾತ್ರ ದುರುಗಕ್ಕ ಕಣ್ಣು ಮುಚ್ಚಿಕೊಂಡು ನಿಂಬೆಹಣ್ಣು ಮೂಸುವಳು. ಒಂದು ದಿನ ಅವಳಿಗೆ ನಿಜವಾಗಿ ವಾಂತಿಯಾಯಿತು. ಮನೆಯ ನಡುಮನೆಯಲ್ಲಿ ಕುಳಿತು ಪ್ರಯಾಣದ ವಾಂತಿ ಮಾಡಿಕೊಂಡವರು ನಮ್ಮ ತಾಲ್ಲೂಕಿನಲ್ಲಿ ಅವಳೇ ಮೊದಲನೆಯವಳಿರಬೇಕು.

ಇದನ್ನು ಕೇಳಿ ನಗಲೆಂದೇ ಮುತ್ತುರಾಜ್ ಬಂದ. ನಾನು ಸೇತುವೆಗೆ ಗುದ್ದಿದ್ದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಏಳ್ರಿ ಅತ್ತಿಗೆ, ಓಡಿಸೋದು ಅಂದ್ರೆ ಹೆಂಗೆ ಅಂತ ತೋರಿಸ್ತೀನಿ" ಎಂದು ಕುಳಿತ. ಹೊರಟ ಕೂಡಲೇ ಕೆರೆಗೆ ಬಿದ್ದ. ಮತ್ತೆ ಹೊರಟ, ಅದೇ ಕೆರೆ. ಹದಿನೆಂಟು ವರ್ಷದಿಂದ ಗಾಡಿ ಓಡಿಸಿದ ಕೈಗೆ ಎಡಕ್ಕೆಂದರೆ ಎಡಕ್ಕೇ ತಿರುಗಿಸಿ ಅಭ್ಯಾಸ. ಅವನ ಮುಖ ಕೆಂಪಾಯಿತು. ಊಟಕ್ಕೆ ಕರೆದರೂ ಏಳಲಿಲ್ಲ. ಮರುದಿನ ಬೆಳಿಗ್ಗೆಯೇ ಬಂದು ಕುಳಿತ. ಎರಡು ಟನ್ ಸೇಬನ್ನು ಒಂದು ಊರಿಂದ ಇನ್ನೊಂದು ಊರಿಗೆ ಮುಟ್ಟಿಸಬೇಕಿತ್ತು. ಮುಟ್ಟುವ ಹೊತ್ತಿಗೆ ಸರಿಯಾಗಿ ಆಟ ನಿಂತುಹೋಗುತ್ತಿತ್ತು, ಮತ್ತೆ ಮೊದಲಿಂದ ಶುರು. "ಈ ಸೇಬು ಮುಟ್ಟಿಸೋ ತನಕ ನಾನು ಏಳಾಕಿಲ್ಲ" ಎಂದು ಪಣ ತೊಟ್ಟ.

ಗಾಡಿ ಅಂಗಳದಲ್ಲಿ ನಿಂತಿತ್ತು. ಬೀಗದ ಕೈ ಮೊಳೆಯಲ್ಲಿ ನೇತಾಡುತ್ತಿತ್ತು. ಹೊನ್ನಾಳಿಯ ರೊಟ್ಟಿ ಬುಟ್ಟಿಯಲ್ಲಿ ಕಾಯುತ್ತಿತ್ತು. ನಾನು ನಮ್ಮ ಮನೆಯವರ ಕಡೆ ನೋಡಿದೆ. ಅವರಿಗೆ ಲೈಸೆನ್ಸ್ ಇದೆ, ಆದರೆ ಒಂದು ಸಲ ಹಳ್ಳಕ್ಕೆ ಇಳಿಸಿದ ಮೇಲೆ ಸ್ಟೇರಿಂಗ್ ಮುಟ್ಟಿದವರಲ್ಲ. ಅವರು ಮೊಳೆಯಿಂದ ಬೀಗದ ಕೈ ತೆಗೆದು ನನ್ನ ಕೈಗಿಟ್ಟು, "ನಾನು ಪಕ್ಕದಲ್ಲಿ ಕೂರ್ತೀನಿ. ನೀನು ಓಡ್ಸು" ಎಂದರು. ಎಲ್ ಬೋರ್ಡ್ ಕಟ್ಟಿ ಹೊರಟೆವು. ಊರು ದಾಟುವ ತನಕ ನಾನು ರಸ್ತೆಯ ಬಲಕ್ಕೇ ಎಳೆಯುತ್ತಿದ್ದೆ, ಅವರು "ಎಡಕ್ಕೆ ಪ್ರಮೀಳಾ, ಎಡಕ್ಕೆ, ಇದು ನಮ್ಮ ದೇಶ!" ಎಂದು ಕೂಗುತ್ತಿದ್ದರು. ಎಡಕ್ಕೆ ತಿರುಗಿಸಿದೆ. ಗಾಡಿ ಎಡಕ್ಕೇ ಹೋಯಿತು. ಬ್ರೇಕ್ ಒತ್ತಿದೆ. ನಿಂತಿತು. ನನಗೆ ಅಳು ಬಂತು, ಮಾನ್ಯರೇ. ಹೇಳಿದ ಮಾತು ಕೇಳುವ ಯಂತ್ರವೊಂದು ಜಗತ್ತಿನಲ್ಲಿ ಇದೆಯೆಂಬುದು ತಮ್ಮ ಸಹವಾಸದಿಂದ ನನಗೆ ಮರೆತೇಹೋಗಿತ್ತು. ಹೊನ್ನಾಳಿಯ ಖಾನಾವಳಿಯವರು ಬುಟ್ಟಿ ಇಳಿಸಿಕೊಳ್ಳುತ್ತಾ, "ಏನ್ರೀ, ಇವತ್ತು ರೊಟ್ಟಿ ಟೈಮಿಗೆ ಬಂದೈತೆ!" ಎಂದು ಬೆರಗಾದರು.

ಆಮೇಲೆ ದಿನವೂ ಹೊರಟೆವು. ತಿಂಗಳು ಕಳೆದು ಪರೀಕ್ಷೆಯಾಯಿತು. ಇನ್‌ಸ್ಪೆಕ್ಟರ್ ಸಾಹೇಬರು ರಿವರ್ಸ್ ಹಾಕಿಸಿದರು, ತಿರುವಿನಲ್ಲಿ ನಿಲ್ಲಿಸಿ ಹೊರಡಿಸಿದರು, "ಎಲ್ಲಿ ಕಲಿತ್ರಿ ಅಮ್ಮ?" ಎಂದು ಕೇಳಿದರು. ಹಿಮದ ದೇಶದಲ್ಲಿ ಎನ್ನಲು ಧೈರ್ಯವಾಗದೆ ಮನೆಯಲ್ಲಿ ಎಂದೆ. ಲೈಸೆನ್ಸ್ ಬಂತು. ಈಗ ಚನ್ನಗಿರಿಗೂ ನಾನೇ, ಸವಳಂಗಕ್ಕೂ ನಾನೇ. ಮೊನ್ನೆ ಜಗಳೂರು ತಾಲ್ಲೂಕಿನ ಬಿಳಿಚೋಡಿನ ತನಕ ಹೋಗಿ, ರಸ್ತೆ ತುಂಬಾ ಹರಿದ ಕುರಿ ಹಿಂಡು ಸರಿಯುವ ತನಕ ಕಾದು, ಮದುವೆ ಮನೆಗೆ ಊಟದ ಎಲೆ ಹಾಕುವ ಮೊದಲೇ ರೊಟ್ಟಿ ಮುಟ್ಟಿಸಿ ಬಂದೆವು.

ಹಾಗಾದರೆ ದೂರು ಏನು ಎಂದು ತಾವು ಕೇಳಬಹುದು. ದೂರು ಮುತ್ತುರಾಜನ ಬಗ್ಗೆ. ಅವನು ಇನ್ನೂ ನಮ್ಮ ನಡುಮನೆಯಲ್ಲೇ ಇದ್ದಾನೆ. ಗಡ್ಡ ಬಿಟ್ಟಿದ್ದಾನೆ. ಮಾತೆತ್ತಿದರೆ ಸ್ವಾತಂತ್ರ್ಯ ಎನ್ನುತ್ತಾನೆ. ಫ್ಯಾನ್ ತಿರುಗದಿದ್ದರೆ, "ಬಿಚ್ಚಿ ನೋಡ್ರಿ, ಒಳಗೆ ಎಲ್ಲ ತೆರೆದೈತೆ" ಎನ್ನುತ್ತಾನೆ. ಮನೆ ಮನೆಗೆ ಹೋಗಿ, ಚೆನ್ನಾಗಿ ನಡೆಯುತ್ತಿದ್ದ ಕಂಪ್ಯೂಟರ್‌ಗಳಲ್ಲೆಲ್ಲ ತಮ್ಮನ್ನು ಕೂರಿಸಿ ಬರುತ್ತಿದ್ದಾನೆ. ಅವು ನಿಂತುಹೋದ ಮೇಲೆ ಆ ಮನೆಯವರೆಲ್ಲ ಹುಡುಕಿಕೊಂಡು ಬರುವುದು ನನ್ನ ಹತ್ತಿರ. ಆದ್ದರಿಂದ ತಾವು ದಯಮಾಡಿ ಒಂದು ದಿನ ಪರದೆಯಿಂದ ಇಳಿದು ಬಂದು, ಆ ಎರಡು ಟನ್ ಸೇಬನ್ನು ಸ್ವಂತ ರೆಕ್ಕೆಯಿಂದ ಹೊತ್ತು ಮುಟ್ಟಿಸಿ, ನಮ್ಮ ಮೈದುನನನ್ನು ಬಿಡಿಸಿಕೊಡಬೇಕೆಂದು ಕೋರಲು ಕುಳಿತಿದ್ದೆ. ಆದರೆ ನಿನ್ನೆ ನಡೆದದ್ದನ್ನು ಬರೆದ ಮೇಲೆ ಕೋರಿಕೆ ಬದಲಾಗಬಹುದು.

ನಿನ್ನೆ ಕಂಪ್ಯೂಟರ್ ಹೊಗೆ ಬಂದು ನಿಂತಿತು. ಹೊನ್ನಾಳಿಗೆ ರಿಪೇರಿಗೆ ಒಯ್ಯಬೇಕಿತ್ತು. ನಾನು ಗಾಡಿ ಹೊರಡಿಸಿದೆ. ನನ್ನ ಕೈಯ ಗಾಡಿಯಲ್ಲಿ ಸತ್ತರೂ ಕೂರುವುದಿಲ್ಲ ಎಂದಿದ್ದ ಮುತ್ತುರಾಜ್, ಕಂಪ್ಯೂಟರನ್ನು ಹಸುಗೂಸಿನಂತೆ ಟವೆಲ್‌ನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ನನ್ನ ಪಕ್ಕದಲ್ಲಿ ಕುಳಿತ, ಬೆಲ್ಟನ್ನು ತಾನು ಕಟ್ಟಿಕೊಳ್ಳದೆ ಅದಕ್ಕೆ ಕಟ್ಟಿದ. ದಾರಿಯುದ್ದಕ್ಕೂ ನನ್ನ ಕೈಯನ್ನೇ ನೋಡುತ್ತಿದ್ದ. ಹಂಪ್ ಬಂತು. ಗೇರ್ ಇಳಿಸಿ ನಿಧಾನವಾಗಿ ದಾಟಿಸಿದೆ. ಒಂದು ಚೂರೂ ಅಲುಗಲಿಲ್ಲ. ಅವನು ಉಸಿರು ಬಿಟ್ಟು, "ಅತ್ತಿಗೆ, ನನ್ನ ಕೈಲಿ ಕೊಟ್ಟಿದ್ರೆ ಇದು ಹೊನ್ನಾಳಿ ಮುಟ್ತಿರ್ಲಿಲ್ಲ" ಎಂದ.

ರಿಪೇರಿಯವರು ಸ್ಟೇರಿಂಗ್ ದೋಷವನ್ನೂ ಸರಿಮಾಡುವ ಹೊಸ ಅಪ್‌ಡೇಟ್ ಬರುವುದಿದೆ ಎಂದಿದ್ದಾರೆ. ಮಾನ್ಯರೇ, ದಯವಿಟ್ಟು ಅದನ್ನು ಕಳಿಸಬೇಡಿ. ಸೇಬು ಮುಟ್ಟಿದ ದಿನ ಅವನು ಎದ್ದು ಗಾಡಿಯ ಬೀಗದ ಕೈ ಕೇಳುತ್ತಾನೆ. ಮದುವೆ ಕಾಲ ಮುಗಿಯುವ ತನಕವಾದರೂ ಅವನನ್ನು ತಮ್ಮಲ್ಲೇ ಇಟ್ಟುಕೊಳ್ಳಿ.

ಇಂತಿ,
ಎಡಕ್ಕೆ ತಿರುಗಿಸಿದರೆ ಎಡಕ್ಕೇ ಹೋಗುವ ಗಾಡಿಯಿಂದ ಕೈ ಮುಗಿಯುವ ತಮ್ಮ ವಿಶ್ವಾಸಿ,
ಪ್ರಮೀಳಾ ಕಲ್ಲೇಶಪ್ಪ, ನ್ಯಾಮತಿ

ವಿ.ಸೂ.: ತಾವು ಪಕ್ಷಿಗಳಾಗಿದ್ದೂ ಹಾರಲಾರಿರಿ ಎಂದು ದುರುಗಕ್ಕನಿಗೆ ಈಗಷ್ಟೇ ತಿಳಿಯಿತು. "ಪಾಪ, ಅದಕ್ಕೂ ಯಾರೋ, ಒಳಗೆಲ್ಲ ತೆರೆದೈತೆ, ನೀನೇ ನೋಡ್ಕೋ ಅಂದಿರ್ಬೇಕು" ಎಂದು ಮರುಗಿದಳು. ತಮಗೆ ಎಲ್ಲಿಗಾದರೂ ಹೋಗಬೇಕೆನಿಸಿದರೆ ತಿಳಿಸಿ. ನಮ್ಮ ಗಾಡಿಯಲ್ಲಿ ಹಿಂದೆ, ರೊಟ್ಟಿ ಬುಟ್ಟಿಗಳ ನಡುವೆ, ಒಬ್ಬರು ಕೂರುವಷ್ಟು ಜಾಗವಿದೆ.