ಒಂದು ಟಿಕೀಟಿನಷ್ಟು ಸಂದು

ಕೆಲವರಿಗೆ ಇಸ್ಪೀಟಿನ ಚಟ, ಕೆಲವರಿಗೆ ತಂಬಾಕಿನ ಚಟ. ಇವೆಲ್ಲ ಮರ್ಯಾದಸ್ಥರ ಚಟಗಳು. ಬಿಡು ಎಂದು ಬುದ್ಧಿ ಹೇಳುವವರಿದ್ದಾರೆ, ಬಿಟ್ಟೆ ಎಂದು ಹೇಳಿಕೊಂಡು ತಿರುಗುವವರೂ ಇದ್ದಾರೆ. ನನ್ನದು ನಾಲ್ಕು ಜನರೆದುರು ಬಾಯಿಬಿಡಲಾರದಂಥದು. ನಾನು ಬಸ್ ಟಿಕೀಟು ಕೂಡಿಸುತ್ತಿದ್ದೆ. ಹೊಸವಲ್ಲ, ಜನ ಇಳಿದ ಮೇಲೆ ಬಿಸಾಕಿದವು. ಹುನಗುಂದದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ, ಕೊರಳ ಗುಂಡಿ ಹಾಕಿಕೊಳ್ಳದೆ ಹೊರಗೆ ಕಾಲಿಡದ ಮಾಸ್ತರನೊಬ್ಬ ಇಳಕಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಬಗ್ಗಿ ಬಗ್ಗಿ ಟಿಕೀಟು ಆರಿಸುತ್ತಾನೆಂದರೆ ಅದಕ್ಕೊಂದು ಕಾರಣ ಇರಲೇಬೇಕಲ್ಲ? ಕಾರಣ ನನ್ನ ಮೋಟರ್ ಸೈಕಲ್ಲು.

ಅದು ಸಾದಾ ಮೋಟರ್ ಸೈಕಲ್ಲಲ್ಲ, ರೇಸಿನ ಗಾಡಿ. ಬ್ರಿಟಿಷರ ಕಾಲದ್ದು. ಹುಬ್ಬಳ್ಳಿಯ ಮುದುಕರೊಬ್ಬರು ತಮ್ಮ ಪ್ರಾಯದಲ್ಲಿ ಅದರ ಮೇಲೆ ರೇಸು ಆಡಿದ್ದರಂತೆ. ಗೆದ್ದಿದ್ದರೋ ಸೋತಿದ್ದರೋ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಅಂಥ ಗಾಡಿಯ ಮೇಲೆ ಹುನಗುಂದದಿಂದ ಹೆಂಡತಿಯ ತವರಾದ ಇಳಕಲ್ಲಿಗೆ ಹೊರಟರೆ ನನ್ನ ಎದೆ ಅಗಲವಾಗುತ್ತಿತ್ತು. ಆದರೆ ಒಂದೇ ಕೊರತೆ. ವೇಗ ಏರಿದಂತೆ ಇಂಜಿನ್ನು ಬಿಕ್ಕಳಿಸಲು ತೊಡಗುವುದು. ಹಿಂದಿನಿಂದ ಬಂದ ಬಸ್ಸು ನನ್ನನ್ನು ದಾಟಿ ಹೋಗುವುದು. ಹೋಗಲಿ ಎಂದರೆ, ಕಂಡಕ್ಟರನು ಬಾಗಿಲಿನಿಂದ ಹಣಿಕಿ ಹಾಕಿ, “ಬರ್ರಿ ಮಾಸ್ತರ, ಸೀಟ್ ಖಾಲಿ ಅದಾವು!” ಎಂದು ಕೈ ಬೀಸುವುದು. ಹೊಟ್ಟೆ ಉರಿಯದೆ ಏನಾದೀತು?

ರೋಗ ಏನೆಂದು ಇಳಕಲ್ಲಿನ ಖಾದರಸಾಬ ಹೇಳಿದ. ಅವನು ಕಲ್ಲಿನ ಖಣಿಗಳ ಕಂಪ್ರೆಸರು, ಹೊಲದ ಪಂಪು ಎಲ್ಲ ಬಿಚ್ಚಿ ಜೋಡಿಸುವ ಮಿಸ್ತ್ರಿ. ಇಂಜಿನ್ನಿನ ತಲೆಯಲ್ಲಿ ಎರಡು ವಾಲ್ವುಗಳಿರುತ್ತವೆ: ಒಂದು ಗಾಳಿ ಪೆಟ್ರೋಲು ಒಳಗೆ ಬಿಡುವುದು, ಇನ್ನೊಂದು ಹೊಗೆ ಹೊರಗೆ ಬಿಡುವುದು. ತೆರೆದ ವಾಲ್ವನ್ನು ಮುಚ್ಚಿಸುವುದು ಸ್ಪ್ರಿಂಗಿನ ಕೆಲಸ. “ನಿಮ್ಮ ಸ್ಪ್ರಿಂಗಿಗೆ ವಯಸ್ಸಾಗೇತ್ರಿ ಮಾಸ್ತರ. ಜೋರ್ ಓಡಿಸಿದ್ರ ವಾಲ್ವ್ ಹೊಳ್ಳಿ ಬರಾಕ ತಡಾ ಮಾಡತೈತಿ. ಗಟ್ಟಿ ಸ್ಪ್ರಿಂಗ್ ಹಾಕೂಣು,” ಎಂದ. ನಾನು ಹಿಗ್ಗಿ ಹೋಗಿ ಮುಂಬಯಿಯಿಂದ ಗಟ್ಟಿ ಸ್ಪ್ರಿಂಗು ತರಿಸಿದೆ.

ನಮ್ಮ ಮನೆಯಲ್ಲಿ ಒಮ್ಮೆ ಪಡಸಾಲೆಯ ಬಾಗಿಲಿಗೆ ಹೊಸ ಪರದೆ ಬಂತು. ಅದರ ಮುಂದೆ ಗೋಡೆ ಹೊಲಸು ಕಂಡಿತೆಂದು ಸುಣ್ಣ ಆಯಿತು. ಸುಣ್ಣದ ಮುಂದೆ ಹಾಸಿಗೆ ಹಳತಾಯಿತು. ಕೊನೆಗೆ ಆ ಮನೆಯಲ್ಲಿ ಹಳೆಯದಾಗಿ ಉಳಿದವನು ನಾನೊಬ್ಬನೇ. ಗಾಡಿಯದೂ ಅದೇ ಕಥೆಯಾಯಿತು. ಸ್ಪ್ರಿಂಗು ಗಟ್ಟಿಯಾದದ್ದಕ್ಕೆ ಅದನ್ನು ಒತ್ತುವ ಉದ್ದನೆಯ ಸಲಾಕೆ ಬಗ್ಗಿತು. ಸಲಾಕೆ ಗಟ್ಟಿಯದು ಹಾಕಿದರೆ ಅದರ ಮೇಲೆ ಕೂತು ವಾಲ್ವನ್ನು ಒತ್ತುವ ರಾಕರು ಸವೆಯಿತು. ರಾಕರು ಹೊಸದು ಹಾಕಿದರೆ ವಾಲ್ವು ಕೂತುಕೊಳ್ಳುವ ಜಾಗ ಬಿರುಕು ಬಿಟ್ಟಿತು. ಶ್ರಾವಣದಲ್ಲಿ ಬಿಚ್ಚಿದ ಇಂಜಿನ್ನು ದೀಪಾವಳಿ ದಾಟಿದರೂ ಖಾದರಸಾಬನ ಹಲಗೆಯ ಮೇಲೆ ಮೈ ಹರವಿಕೊಂಡು ಬಿದ್ದಿತ್ತು.

ಎಲ್ಲ ಕೂಡಿಸಿದ ಮೇಲೆ ರಾಕರಿಗೂ ವಾಲ್ವಿಗೂ ನಡುವೆ ಕೂದಲೆಳೆಯಷ್ಟು ಸಂದು ಬಿಡಬೇಕು. ಅದಕ್ಕೆ ತೆಳುವಾದ ಉಕ್ಕಿನ ಎಲೆಗಳ ಅಳತೆಪಟ್ಟಿ ಇರುತ್ತದೆ. ಖಾದರಸಾಬನ ಪಟ್ಟಿಯಲ್ಲಿ ಎಲ್ಲ ಎಲೆಗಳೂ ಇದ್ದವು, ಬೇಕಾದ ಎರಡು ಬಿಟ್ಟು. ಯಾರೋ ಹಲ್ಲು ಚುಚ್ಚಿಕೊಳ್ಳಲು ಇಸಿದುಕೊಂಡು ಮುರಿದಿದ್ದರಂತೆ. ಅವನೇನೂ ತಲೆ ಕೆಡಿಸಿಕೊಂಡಿರಲಿಲ್ಲ. “ಬಸ್ಸಿನ ಟಿಕೀಟ ಐತೇನ್ರಿ? ಒಂದ ಪದರು ಗಾಳಿ ವಾಲ್ವಿಗೆ, ಎರಡ ಪದರು ಹೊಗಿ ವಾಲ್ವಿಗೆ. ಇಪ್ಪತ್ತು ವರ್ಷದಿಂದ ನನ್ನ ಅಳತಿ ಇದ.” ನಾನು ವಿಜ್ಞಾನದ ಮಾಸ್ತರ. ನಕ್ಕೆ. ಅವನು ನನ್ನ ಕಿಸೆಯಲ್ಲಿದ್ದ ಗುಲಾಬಿ ಟಿಕೀಟನ್ನು ತೂರಿಸಿ, ತಿರುಪು ಬಿಗಿದು, ಕಿಕ್ ಹೊಡೆದ. ಗಾಡಿ ಹಾಡಿತು. ಅಂದಿನಿಂದ ನಾನು ನಗುವುದನ್ನು ಬಿಟ್ಟೆ.

ಆದರೆ ಗಟ್ಟಿ ಸ್ಪ್ರಿಂಗಿನ ಹೊಡೆತಕ್ಕೆ ಆ ತಿರುಪು ಮೇಲಿಂದ ಮೇಲೆ ಸಡಿಲಾಗುತ್ತಿತ್ತು, ಮತ್ತೆ ಮತ್ತೆ ಅಳೆಯಬೇಕಾಗುತ್ತಿತ್ತು. ಎಣ್ಣೆ ಕುಡಿದ ಟಿಕೀಟು ನಡೆಯದು, ಗರಿಗರಿಯಾದದ್ದೇ ಬೇಕು. ಒಂದು ದಿನ, “ಗಾಡಿ ಮ್ಯಾಲೆ ಬಂದೇನಿ ಖಾದರಸಾಬ, ಟಿಕೀಟ ಎಲ್ಲಿಂದ ತರ್ಲಿ?” ಎಂದೆ. “ಹಂಗಾರ ಬಸ್ಸಿಗೆ ಹೋಗಿ ಬರ್ರಲಾ,” ಎಂದ ಪುಣ್ಯಾತ್ಮ, ತಲೆ ಎತ್ತದೆ. ಹೀಗಾಗಿ ನಾನು ಬಸ್ ಸ್ಟ್ಯಾಂಡಿಗೆ ನಡೆದೆ. ಇಳಿದವರು ಬಿಸಾಕಿದ್ದರಲ್ಲಿ ಮಣ್ಣಾಗದವನ್ನು ಆರಿಸಿ ನೋಟ್‌ಬುಕ್ಕಿನಲ್ಲಿ ಇಡುತ್ತಿದ್ದೆ. ತಲೆ ಎತ್ತಿದರೆ ಎದುರಿಗೆ ಮಾವನವರು ನಿಂತಿದ್ದರು.

ಮಾವನವರು ಇಳಕಲ್ಲಿನ ನೇಕಾರರು. ಮಗ್ಗದ ಸದ್ದು ಬಿಟ್ಟರೆ ಬೇರೆ ಯಂತ್ರದ ಸದ್ದನ್ನು ನಂಬಿದವರಲ್ಲ. ನನ್ನ ಕೈಯಲ್ಲಿದ್ದ ಟಿಕೀಟು ನೋಡಿ ನೆಟ್ಟಗೆ ಮನೆಗೆ ನಡೆದುಬಿಟ್ಟರು. ಅದೇ ಗಂಡಾಂತರ. ಆ ರವಿವಾರ ಅವರ ಮನೆಯಲ್ಲಿ ಊಟಕ್ಕೆ ಕೂತಾಗ ರೊಟ್ಟಿ ಮುರಿಯುತ್ತ, “ನೀಲವ್ವಾ, ಮನ್ಯಾಗ ಏನರ ರೊಕ್ಕದ ಅಡಚಣಿ ಐತೇನವಾ?” ಎಂದರು ನನ್ನ ಹೆಂಡತಿಗೆ. ನಾನು ವಾಲ್ವು, ಸ್ಪ್ರಿಂಗು, ಸಂದು, ಟಿಕೀಟು ಎಲ್ಲವನ್ನೂ ಬಿಡಿಸಿ ಹೇಳಿದೆ. ಹೇಳಿದಷ್ಟೂ ಅದು ಸುಳ್ಳಿನಂತೆ ಕೇಳಿಸುತ್ತಿತ್ತು, ನನಗೂ. ಮಾವನವರು ಕೈ ತೊಳೆದು ಬಂದು ಕರಾರು ಹಾಕಿದರು: “ನೋಡ್ರಿ ಮಾಸ್ತರ, ನಾಳಿ ಸೋಮವಾರ ಬಾದಾಮ್ಯಾಗ ದೊಡ್ಡ ಮಗಳ ಕೂಸಿನ ತೊಟ್ಟಿಲ ಕಾರ್ಯ ಐತಿ. ನೀಲವ್ವನ ಗಾಡಿ ಮ್ಯಾಲೆ ಕೂಡಿಸ್ಕೊಂಡು ಬರ್ರಿ. ನಡುವ ಬಸ್ ಹತ್ತದ ಬಂದ್ರ ನಾ ಮತ್ತ ಉಸಿರೆತ್ತಂಗಿಲ್ಲ. ಹತ್ತಿದ್ರ, ಗಾಡಿ ಮಾರಿಬಿಡ್ರಿ.” ನಾನು ಜೋರಿನಿಂದ ಹೂಂ ಎಂದೆ. ಮನೆಗೆ ಬಂದ ಕೂಡಲೇ ನೀಲವ್ವ ನನ್ನ ನೋಟ್‌ಬುಕ್ಕಿನ ಟಿಕೀಟುಗಳನ್ನೆಲ್ಲ ಜಳಕದ ಒಲೆಗೆ ಹಾಕಿದಳು.

ಸೋಮವಾರ ಗಾಡಿ ಹೇಗೆ ಓಡಿತೆನ್ನುತ್ತೀರಿ! ಅಮೀನಗಡ ಬಂದದ್ದೇ ತಿಳಿಯಲಿಲ್ಲ. ಅಲ್ಲಿ ತೊಟ್ಟಿಲಿಗೆಂದು ಕರದಂಟು ಕೊಂಡೆವು. “ಖರೇನ ಚಲೋ ಓಡಾಕತ್ತೈತ್ರಿ,” ಎಂದು ನೀಲವ್ವ ಹಿಂದಿನಿಂದ ಹೇಳಿದಳು. ಹೊಗಳಿಕೆಗೆ ಉಬ್ಬಿ ಇನ್ನಷ್ಟು ತಿರುವಿದೆ. ಊರು ದಾಟಿ ನಾಲ್ಕಾರು ಮೈಲಿಗೆ ಟಕಟಕ ಸದ್ದು ಶುರುವಾಯಿತು. ಆಮೇಲೆ ಕೆಮ್ಮು. ಆಮೇಲೆ ಮೌನ.

ಹೊಗೆ ವಾಲ್ವಿನ ತಿರುಪು ಸಡಿಲಾಗಿತ್ತು. ಬಿಗಿಯಲು ಪಾನಾ ಇತ್ತು. ಟಿಕೀಟು ಇರಲಿಲ್ಲ. ಇಂಜಿನ್ನು ತಣ್ಣಗಾಗುವವರೆಗೆ ಬೇವಿನ ನೆರಳಲ್ಲಿ ಕೂತು ಏನೆಲ್ಲ ನೋಡಿದೆ. ಕರದಂಟಿನ ಪೊಟ್ಟಣದ ಕಾಗದ ತುಪ್ಪ ಕುಡಿದಿತ್ತು. ಕಿಸೆಯಲ್ಲಿದ್ದ ಯಾರದೋ ಲಗ್ನಪತ್ರಿಕೆ ರಟ್ಟಿನಂತಿತ್ತು. “ಸೆರಗಿನ ಒಂದು ಎಳಿ ಕೊಡ್ತೀಯೇನು?” ಎಂದು ಕೇಳಿದೆ. ಇಳಕಲ್ ಸೀರೆಯ ನೇಕಾರನ ಮಗಳು ನನ್ನನ್ನು ನೋಡಿದ ನೋಟಕ್ಕೆ ಮತ್ತೆ ಕೇಳುವ ಧೈರ್ಯ ಬರಲಿಲ್ಲ. ಗಾಡಿಯ ಪೆಟ್ರೋಲ್ ಟಾಕಿಯ ಮೇಲೆ ಕೈಯಿಟ್ಟು ನಿಂತೆ. ಹೇಳಲು ನಾಚಿಕೆ, ಆದರೆ ಕಣ್ಣು ತುಂಬಿ ಬಂದವು. ಮಾರಲು ನನಗೆ ಮನಸ್ಸಿರಲಿಲ್ಲ.

ಆಗ ಬಾದಾಮಿಯ ಬಸ್ಸು ಬಂತು. ಕೈ ಮಾಡಿದೆ. ಬಾಗಿಲಲ್ಲಿ ಅದೇ ಹಾಳು ಕಂಡಕ್ಟರು. “ಹತ್ತಂಗಿಲ್ಲಪಾ, ಒಂದು ಟಿಕೀಟ ಅಷ್ಟ ಕೊಡು,” ಎಂದೆ. “ಹತ್ತದವರಿಗೆ ಟಿಕೀಟ ಹರದ್ರ ನನ್ನ ನೌಕ್ರಿ ಹೊಕ್ಕೈತ್ರಿ!” ಎಂದು ಸೀಟಿ ಊದಲು ಬಾಯಿಗಿಟ್ಟ. ಅಷ್ಟರಲ್ಲಿ ನೀಲವ್ವ ನಿರಿಗೆ ಎತ್ತಿ ಬಸ್ಸು ಹತ್ತಿಯೇಬಿಟ್ಟಳು. “ಗುಳೇದಗುಡ್ಡಕ್ಕ ಒಂದು ಕೊಡ್ರಿ,” ಎಂದು ಟಿಕೀಟು ತೆಗೆಸಿದಳು. ಬಸ್ಸು ಹೊರಟಿತು. ಕಿಡಕಿಯಿಂದ ಗುಲಾಬಿ ಟಿಕೀಟು ತೂರಿ ನನ್ನ ಕಾಲ ಬಳಿ ಬಿತ್ತು. ಅದರ ಹಿಂದೆಯೇ ಅವಳ ಕೂಗು: “ನೀವು ಅಷ್ಟು ಸಣ್ಣ ಮಾರಿ ಮಾಡ್ಕೊಂಡು ನಿಂತದ್ದು ನನಗ ನೋಡಾಕ ಆಗಂಗಿಲ್ಲ! ಲಗೂ ಬರ್ರಿ! ಅಪ್ಪಗ ಹೇಳಬ್ಯಾಡ್ರಿ!”

ಎರಡು ಪದರು ಮಡಚಿ ತೂರಿಸಿ ಬಿಗಿದೆ. ಮೊದಲ ಕಿಕ್ಕಿಗೇ ಗಾಡಿ ಎದ್ದಿತು. ಹತ್ತಿ ಕೂತ ಮೇಲೆ ಹೊಳೆಯಿತು: ಟಿಕೀಟು ನನ್ನ ಬಳಿ ಇದೆ, ಹೆಂಡತಿ ಬಸ್ಸಿನಲ್ಲಿದ್ದಾಳೆ. ತಪಾಸಣೆಯವರು ಹತ್ತಿದರೆ? ಆ ಗಾಡಿ ತನ್ನ ಪ್ರಾಯದಲ್ಲಿ ಯಾವ ರೇಸು ಓಡಿತ್ತೋ ಕಾಣೆ, ನನ್ನ ಕೈಯಲ್ಲಿ ಓಡಿದ ರೇಸು ಅದೊಂದೇ. ಇಂಜಿನ್ನು ಒಮ್ಮೆಯೂ ಬಿಕ್ಕಳಿಸಲಿಲ್ಲ. ಬಿಕ್ಕಳಿಕೆ ನನಗೇ ಹತ್ತಿತ್ತು. ಗುಳೇದಗುಡ್ಡದ ಹೊರಗೆ ಬಸ್ಸು ನಿಂತದ್ದು ಕಂಡಿತು. ಖಾಕಿ ಅಂಗಿಯ ತಪಾಸಣೆಯವರು ನೀಲವ್ವನನ್ನು ಕೆಳಗಿಳಿಸಿಕೊಂಡಿದ್ದರು. ಕಂಡಕ್ಟರ ಟಿಕೀಟು ಕೊಟ್ಟೇನಿ ಎನ್ನುತ್ತಿದ್ದ, ಇವಳು ಗಂಡಗ ಕೊಟ್ಟೇನಿ ಎನ್ನುತ್ತಿದ್ದಳು. ನಾನು ಹಾರಿ ಇಳಿದು ಟಿಕೀಟು ಚಾಚಿದೆ. ಅವರು ಅದನ್ನು ಎರಡು ಬೆರಳಲ್ಲಿ ಹಿಡಿದು ಬಿಸಿಲಿಗೆ ಎತ್ತಿದರು. ಎಣ್ಣೆಗೆ ಅಕ್ಷರವೆಲ್ಲ ಅಳಿಸಿ, ಆಚೆಯ ಗುಡ್ಡ ಅದರೊಳಗಿಂದ ಕಾಣುತ್ತಿತ್ತು. “ಇದು ಟಿಕೀಟೋ, ಮಿರ್ಚಿ ಭಜಿ ಕಟ್ಟಿದ ಕಾಗದೋ?” ಎಂದರು. ನಾನು ವಾಲ್ವು, ಸ್ಪ್ರಿಂಗು ಎಂದು ಶುರುಮಾಡಿದೆ. ನೀಲವ್ವ ನನ್ನನ್ನು ತಡೆದು ಸುಮ್ಮನೆ ದಂಡ ಕಟ್ಟಿದಳು.

ಅಲ್ಲಿಂದ ಬಾದಾಮಿಗೆ ಗಾಡಿಯ ಮೇಲೆಯೇ ಬಂದೆವು. ಮಾವನವರು ಕಟ್ಟೆಯ ಮೇಲೆ ಕೂತು ದಾರಿ ಕಾಯುತ್ತಿದ್ದರು. “ಬಸ್ ಹತ್ತಲಿಲ್ಲೇನವಾ?” ಎಂದರು. “ಗಾಡಿ ಮ್ಯಾಲೆ ಬಂದದ್ದು ಕಣ್ಣಿಗೆ ಕಾಣೂದಿಲ್ಲೇನಪಾ?” ಎಂದು ನೀಲವ್ವ ಅವರಿಗೆ ಕರದಂಟು ಕೊಟ್ಟು ಒಳಗೆ ಹೋದಳು. ಗಾಡಿ ಉಳಿಯಿತು. ಸಂಜೆ ನಾನು ಅದರ ಮುಂದೆ ಕೂತಿದ್ದಾಗ ನೀಲವ್ವ ಬಂದು ಸೆರಗಿನ ಗಂಟು ಬಿಚ್ಚಿ ದಂಡದ ರಸೀತಿ ಹೊರಗೆ ತೆಗೆದಳು. ಬೆರಳ ನಡುವೆ ಹಿಡಿದು, ನೂಲು ನೋಡುವವರಂತೆ ಸವರಿ, “ಇದರ ಕಾಗದ ಟಿಕೀಟಿಗಿಂತ ದಪ್ಪ ಐತಿ. ನಿಮ್ಮ ಹೊಗಿ ವಾಲ್ವಿಗೆ ಮಡಚೂದು ತಪ್ಪತೈತಿ ನೋಡ್ರಿ,” ಎಂದಳು.

ಹೊಂದಿತು. ಎಷ್ಟು ಚೆನ್ನಾಗಿ ಹೊಂದಿತೆಂದರೆ ಮುಂದೆ ಮೂರು ತಿಂಗಳು ತಿರುಪಿಗೆ ಕೈ ಹಚ್ಚುವ ಪ್ರಸಂಗ ಬರಲಿಲ್ಲ. ಈಗ ಎಣ್ಣೆಯಲ್ಲಿ ಮುಳುಗಿ ಸತ್ತ ಆ ರಸೀತಿಯನ್ನು ನೋಡಿ ಖಾದರಸಾಬ, “ಮಾಸ್ತರ, ಅಳತಿ ಅಂದ್ರ ಇದು. ಇಂಥಾದ್ದ ಇನ್ನೊಂದು ತರ್ರಿ,” ಎಂದಿದ್ದಾನೆ. ಹೀಗಾಗಿ ರೇಸಿನ ಗಾಡಿಯ ಒಡೆಯನಾದ ನಾನು ಈ ತಿಂಗಳೆಲ್ಲ ಹುನಗುಂದ ಇಳಕಲ್ಲಿನ ನಡುವೆ ಬಸ್ಸಿನಲ್ಲಿ ಓಡಾಡುತ್ತಿದ್ದೇನೆ. ತಪಾಸಣೆಯವರು ದಂಡದ ರಸೀತಿ ಹರಿಯಲೆಂದು, ಟಿಕೀಟು ತೆಗೆಸದೆ ಹಿಂದಿನ ಸೀಟಿನಲ್ಲಿ ಮುದುಡಿ ಕೂತಿರುತ್ತೇನೆ. ಆದರೆ ಆ ಹಾಳು ಕಂಡಕ್ಟರ ಜನರನ್ನು ಸರಿಸಿಕೊಂಡು ನೆಟ್ಟಗೆ ನನ್ನ ಬಳಿಗೇ ಬರುತ್ತಾನೆ. “ನಿಮಗ ಟಿಕೀಟ ಬೇಕಾಗತೈತಿ ಅಂತ ನನಗ ಗೊತ್ತೈತ್ರಿ ಮಾಸ್ತರ,” ಎಂದು ಗರಿಗರಿಯಾದದ್ದನ್ನೇ ಆರಿಸಿ ಹರಿದು ಕೊಡುತ್ತಾನೆ.