ಹಗುರವಾದ ಮೂರು ಕಾಲು

ಹಗುರವಾದ ವಸ್ತುಗಳೆಂದರೆ ನನಗೆ ಮೊದಲಿನಿಂದಲೂ ಮೋಹ. ಹಗುರ ಚೀಲ, ಹಗುರ ಕೊಡೆ, ಹಗುರ ಹಾಸಿಗೆ. ಊಟದ ಮಾತು ಬೇರೆ. ಬಾಗೇವಾಡಿಯ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದರೂ ಗ್ಲೋಬನ್ನು ತರಗತಿಗೆ ಹೊತ್ತೊಯ್ದವನಲ್ಲ. ಅಂಥವನಿಗೆ ಮುಂಬಯಿಯ ಅಣ್ಣ ಒಂದು ಪುಟ್ಟ ಕ್ಯಾಮೆರಾ ಕೊಟ್ಟ. ಹೆಂಡತಿಯ ತವರಾದ ಮಸೂತಿಗೆ ಹೋದಾಗಲೆಲ್ಲ ಫೋಟೋ ತೆಗೆದೆ. ತೆಗೆಯುವವನು ನಾನೇ ಆದ್ದರಿಂದ ಒಂದರಲ್ಲೂ ನಾನಿರಲಿಲ್ಲ. ಒಂದು ದಿನ ಅತ್ತೆ ತಮ್ಮ ಮಗಳಿಗೆ, ನನಗೂ ಕೇಳುವಂತೆ, ಹೇಳಿದರು: "ಎಲ್ಲಾ ಫೋಟೋದಾಗೂ ನೀ ಒಬ್ಬಾಕಿನ ನಿಂತೀ. ಅಳಿಯಂದ್ರು ಬಿಟ್ಟಾರೇನಂತ ಓಣ್ಯಾಗ ಕೇಳಾಕತ್ತಾರವಾ."

ಮಾನದ ಪ್ರಶ್ನೆ. ಗುಂಡಿ ಒತ್ತಿ ಓಡಿಹೋಗಿ ನಿಂತರೆ ತಾನೇ ಫೋಟೋ ತೆಗೆಯುವ ಸೌಕರ್ಯ ನನ್ನ ಕ್ಯಾಮೆರಾದಲ್ಲಿತ್ತು. ಅದನ್ನು ನಿಲ್ಲಿಸಲು ಮೂರು ಕಾಲಿನ ಒಂದು ಟ್ರೈಪಾಡ್ ಬೇಕಿತ್ತು, ಅಷ್ಟೆ. ಹೆಂಡತಿಯೊಡನೆ ವಿಜಾಪುರಕ್ಕೆ ಹೋದೆ. ಅಂಗಡಿಯವರು ಎರಡು ಇಟ್ಟರು. ಒಂದು ಕಬ್ಬಿಣದ್ದು, ಎತ್ತಿನಂತೆ ನಿಂತಿತ್ತು. ಇನ್ನೊಂದು ಅಲ್ಯೂಮಿನಿಯಂದು, ಕಿರುಬೆರಳಿಗೇ ಎದ್ದು ಬಂತು. ನನ್ನ ಮನಸ್ಸು ಕರಗಿತು. ಅಷ್ಟರಲ್ಲಿ ಹೆಂಡತಿ ಸೆಕೆಗೆ ಸೆರಗು ಬೀಸಿಕೊಂಡಳು. ಟ್ರೈಪಾಡ್ ತೂಗಾಡಿತು.

"ಸೆರಗಿನ ಗಾಳಿಗೇ ನಡುಗಾಕತ್ತೈತ್ರಿ. ಮಸೂತಿ ಗಾಳಿಗೆ ನಿಲ್ಲತೈತೇನ್ರಿ?"

"ಬಸ್ಸಿನಾಗ ಹೊರಾಂವ ನಾನ."

"ಹೊರಾಕ ತಗೊಳ್ಳಾಕತ್ತೀರೋ, ನಿಂದ್ರಸಾಕೋ?"

"ಎರಡೂ ಭಾಳ ಚಲೋ ಅದಾವ್ರಿ" ಎಂದು ಅಂಗಡಿಯವರು ನಮ್ಮ ಸಂಸಾರ ಉಳಿಸಿದರು. ನಾನು ಹಗುರವಾದದ್ದನ್ನೇ ಕೊಂಡೆ.

ಮಸೂತಿಯಲ್ಲಿ ಮಾವ ಹೊಸ ರುಮಾಲು ಸುತ್ತಿದರು, ಅತ್ತೆ ಇಳಕಲ್ ಸೀರೆ ಉಟ್ಟರು. ನೆರೆಯವರು ಗೋಡೆಯ ಮೇಲೆ ಗಲ್ಲ ಊರಿ ಸಿದ್ಧರಾದರು. ನಾನು ಅಂಗಳದಲ್ಲಿ ಟ್ರೈಪಾಡ್ ನಿಲ್ಲಿಸಿದೆ, ಗಾಳಿ ಅದನ್ನು ಮಲಗಿಸಿತು. ಮತ್ತೆ ನಿಲ್ಲಿಸಿದೆ, ಮತ್ತೆ ಮಲಗಿತು. ಹೆಂಡತಿ ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಕಟ್ಟಿ ಹಾಕೂಣು" ಎಂದರು ಮಾವ. ಕರುವಿನ ಕೊರಳಿಂದ ಹಗ್ಗ ಬಿಚ್ಚಿ, ಟ್ರೈಪಾಡಿನ ಕಾಲುಗಳನ್ನು ಅದರ ಗೂಟಕ್ಕೇ ಬಿಗಿದರು. "ಇನ್ನ ಎಲ್ಲಿಗೆ ಹೋಗತೈತಿ, ನೋಡೂಣು!"

ಟ್ರೈಪಾಡ್ ಎಲ್ಲಿಗೂ ಹೋಗಲಿಲ್ಲ. ಕ್ಯಾಮೆರಾ ಅದರ ಮೇಲೆ ಕೂರಿಸಿ ಗುಂಡಿ ಒತ್ತಿದೆ, ಜರ್ರ್ ಎಂದಿತು. ಓಡಿಹೋಗಿ ಹೆಂಡತಿಯ ಪಕ್ಕ ನಿಂತೆ. ಎಲ್ಲರೂ ಉಸಿರು ಬಿಗಿಹಿಡಿದೆವು. ಆಗ ಬಿಡುಗಡೆಯಾದ ಕರು ನಮ್ಮ ನಡುವೆಯೇ ನುಗ್ಗಿ ಹಿಂದಿದ್ದ ಆಕಳಿನ ಕಡೆ ನೆಗೆಯಿತು.

"ಅಯ್ಯಯ್ಯ, ಹಾಲೆಲ್ಲಾ ಕುಡೀತೈತಿ! ಹಿಡೀರೇ ಯಾರರ!" ಎಂದು ಅತ್ತೆ ಕೂಗಿದರು.

ಸಂಜೆಯ ಚಹಾ ಕಣ್ಣ ಮುಂದೆ ಬಂತು. ಧೋತರ ಎತ್ತಿ ಕಟ್ಟಿ ಹಾರಿದೆ. ಬಾಲ ಕೈಗೆ ಸಿಕ್ಕಿತು. ಅದೇ ಗಳಿಗೆಗೆ ಕ್ಯಾಮೆರಾ ಕ್ಲಿಕ್ ಎಂದಿತು.

ಫೋಟೋದಲ್ಲಿ ಎಲ್ಲರ ಬಾಯಿ ತೆರೆದಿದೆ. ನಟ್ಟನಡುವೆ ನನ್ನ ಬೆನ್ನಿದೆ. ಅತ್ತೆ ಅದಕ್ಕೆ ಕಟ್ಟು ಹಾಕಿಸಿ ಬಾಗಿಲ ಮೇಲೆ ತೂಗುಹಾಕಿ, ಬಂದವರಿಗೆಲ್ಲ, "ಬಾಲ ಹಿಡದಾರಲ್ಲಾ, ಅವರ ನೋಡ್ರಿ ನಮ್ಮ ಅಳಿಯಂದ್ರು" ಎಂದು ಪರಿಚಯಿಸಿದರು. ಓಣಿಯ ಬಾಯಿ ಮುಚ್ಚಿತು.

ಮುಂದಿನ ಸಲ ಬಸ್ಸಿಳಿದಾಗ ಊರಿನ ಅಜ್ಜರೊಬ್ಬರು ಯಾರ ಮನೆಗೆಂದು ವಿಚಾರಿಸಿದರು. ಹೇಳಿದೆ. ನನ್ನ ಮುಖವನ್ನು ಸಂಶಯದಿಂದ ದಿಟ್ಟಿಸಿದರು.

"ಗುರ್ತ ಹತ್ತವಲ್ತು. ಸ್ವಲ್ಪ ಆ ಕಡೆ ತಿರುಗ್ರಿ."

ತಿರುಗಿದೆ.

"ಹಾಂ! ಈಗ ಗೊತ್ತಾತ ನೋಡ್ರಿ" ಎಂದು ಬೆನ್ನ ಹಿಂದಿನಿಂದ ಸಂತೋಷದ ದನಿ ಕೇಳಿತು. "ಆರಾಮ ಅದೀರಿಲ್ಲೋ, ಅಳಿಯಂದ್ರ?"